ತಮ್ಮ ಕಚೇರಿಗೆ ತಾವೇ ಸೊನ್ನೆ ಕೊಟ್ಟವರು

ತೂಕ ಮತ್ತು ಅಳತೆಯ ಕ್ಷೇತ್ರದಲ್ಲಿ ದುಡಿದು ಹೆಸರು ಗಳಿಸುವುದು ಸುಲಭದ ಮಾತಲ್ಲ. ಅಲ್ಲಿ ಕೆಲಸ ಸರಿಯಾಗಿ ನಡೆದರೆ ಯಾರಿಗೂ ಏನೂ ತಿಳಿಯುವುದಿಲ್ಲ; ಕೊಂಡವರಿಗೆ ಕೊಂಡಷ್ಟು ಸಿಗುತ್ತದೆ, ಮಾರಿದವರಿಂದ ಮಾರಿದಷ್ಟು ಹೋಗುತ್ತದೆ, ಇಬ್ಬರೂ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ಹಾಗೆ ಯಾರಿಗೂ ತಿಳಿಯದಂತೆ ಕೆಲಸ ಮಾಡಿದ ಮಹನೀಯರು ನಮ್ಮ ಇಲಾಖೆಯಲ್ಲಿ ಅನೇಕರಿದ್ದಾರೆ. ಕೆಲಸವನ್ನೇ ಮಾಡದೆ ಅದು ಯಾರಿಗೂ ತಿಳಿಯದಂತೆ ನೋಡಿಕೊಂಡವರು ಅವರಿಗಿಂತ ತುಸು ಹೆಚ್ಚು. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಪಾಸಣಾಧಿಕಾರಿಗಳು ಈ ಎರಡೂ ಪಂಗಡಕ್ಕೆ ಸೇರಿದವರಲ್ಲ. ಇಲಾಖೆಯ ಮೂವತ್ತೆರಡು ಕಚೇರಿಗಳಲ್ಲಿ ಯಾವುದಕ್ಕೆ ಹೋಗಿ ಕೇಳಿದರೂ ಅವರ ಹೆಸರು ಗೊತ್ತು, ಹೆಸರೆಂದರೆ ಅಡ್ಡಹೆಸರು. ಸೊನ್ನೆ ಮೇಡಂ ಎಂದರೆ ಸಾಕು, ಕೆಲವರು ನಗುತ್ತಾರೆ, ಕೆಲವರು ಎದ್ದು ನಿಲ್ಲುತ್ತಾರೆ, ಒಂದಿಬ್ಬರು ತಮ್ಮ ಬೀರುವಿನ ಕಡೆಗೆ ಗಾಬರಿಯಿಂದ ನೋಡುತ್ತಾರೆ. ಆ ಸೊನ್ನೆ ಹೇಗೆ ಬಂತೆಂಬುದನ್ನು ಈ ಅಭಿನಂದನ ಗ್ರಂಥದಲ್ಲಿ ದಾಖಲಿಸದಿದ್ದರೆ, ಮೇಡಂ ಅವರೇ ಗ್ರಂಥವನ್ನು ತೆರೆದು ಅದಕ್ಕೂ ಒಂದು ಸೊನ್ನೆ ಹಾಕುವ ಸಂಭವವಿದೆ.

ಮೇಡಂ ಸಹಾಯಕ ತಪಾಸಕರಾಗಿ ಈ ಕಚೇರಿಗೆ ಬಂದಾಗ ಅವರಿಗೆ ಇಪ್ಪತ್ತಮೂರು ವರ್ಷ. ಭೌತಶಾಸ್ತ್ರದ ಪದವಿ ಕೈಯಲ್ಲಿತ್ತು, ಲೋಕದ ತೂಕವೆಲ್ಲ ತನಗೆ ಗೊತ್ತೆಂಬ ಧೈರ್ಯ ತಲೆಯಲ್ಲಿತ್ತು. ಕಚೇರಿಯೋ ಸೈಕಲ್ ರಿಪೇರಿ ಅಂಗಡಿಗಳ ಬೀದಿಯ ಕೊನೆಯಲ್ಲಿ ಎರಡು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ಮೂಟೆ ತೂಗುವ ದೊಡ್ಡ ಯಂತ್ರ ಮತ್ತು ಗುಮಾಸ್ತರು, ಇಪ್ಪತ್ತೆರಡು ಮೆಟ್ಟಿಲು ಹತ್ತಿದರೆ ಮೇಲೆ ತಕ್ಕಡಿ ಕೊಠಡಿ. ಗಾಜಿನ ಗೂಡಿನೊಳಗಿನ ಆ ಸೂಕ್ಷ್ಮ ತಕ್ಕಡಿಗೆ ಗಾಳಿ ತಾಗಬಾರದೆಂದು ಕಿಟಕಿ ತೆರೆಯುವಂತಿರಲಿಲ್ಲ, ಫ್ಯಾನು ಹಾಕುವಂತಿರಲಿಲ್ಲ, ಸೀನು ಬಂದರೆ ಹೊರಗೆ ಓಡಬೇಕಾಗಿತ್ತು. ಊರಿನ ವ್ಯಾಪಾರಿಗಳೆಲ್ಲ ವರ್ಷಕ್ಕೊಮ್ಮೆ ತಮ್ಮ ತೂಕದ ಬಟ್ಟುಗಳನ್ನು ಚೀಲದಲ್ಲಿ ಹೊತ್ತುಕೊಂಡು ಇಲ್ಲಿಗೆ ಬರಬೇಕು. ಕಚೇರಿಯ ಮಾದರಿ ಬಟ್ಟುಗಳೊಡನೆ ಅವುಗಳನ್ನು ತೂಗಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಅಡಿಯ ತೂತಿನಲ್ಲಿರುವ ಸೀಸವನ್ನು ಹೆಚ್ಚು ಕಡಿಮೆ ಮಾಡಿ ಸರಿಪಡಿಸುವುದು ಪದ್ಧತಿ.

ಆ ಮಾದರಿ ಬಟ್ಟುಗಳ ಪೆಟ್ಟಿಗೆಯನ್ನು ಕಾಯುತ್ತಿದ್ದ ಹಿರಿಯರೊಬ್ಬರಿದ್ದರು. ಹುದ್ದೆಯಿಂದ ಜವಾನರು, ಆದರೆ ಅಧಿಕಾರಿಯಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ದೊಡ್ಡಪ್ಪ ಎಂದೇ. ಉಸಿರು ಬಿಗಿಹಿಡಿದು ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವುದನ್ನು ಮೇಡಂಗೆ ಕಲಿಸಿದವರು ಯಾವ ಪ್ರಾಧ್ಯಾಪಕರೂ ಅಲ್ಲ, ಈ ದೊಡ್ಡಪ್ಪ. ಮೇಡಂ ತಪ್ಪು ಓದಿದರೆ ಅವರು ತಪ್ಪು ಎನ್ನುತ್ತಿರಲಿಲ್ಲ. "ಅಮ್ಮ, ಮುಳ್ಳು ಇನ್ನೂ ಆಟ ಆಡ್ತಿದೆ, ಪಾಪ, ಅದಕ್ಕೂ ಸ್ವಲ್ಪ ಟೈಮ್ ಕೊಡಿ" ಎನ್ನುತ್ತಿದ್ದರು. ಮೇಡಂ ಬಸುರಿಯಾಗಿದ್ದಾಗ ಇಪ್ಪತ್ತೆರಡು ಮೆಟ್ಟಿಲಿನ ತಿರುವಿನಲ್ಲಿ ಒಂದು ಸ್ಟೂಲು ತಾನಾಗಿ ಪ್ರತ್ಯಕ್ಷವಾಯಿತು. ಅದರ ಮೇಲೆ ಬೇರೆ ಯಾರಾದರೂ ಕೂತರೆ ದೊಡ್ಡಪ್ಪ ಕೆಳಗಿನಿಂದಲೇ ಕೆಮ್ಮುತ್ತಿದ್ದರು. ಮಗುವಿಗೆ ಎರಡು ತಿಂಗಳಾದಾಗ ಆಸ್ಪತ್ರೆಯ ತೂಕವನ್ನು ನಂಬದೆ ಮೇಡಂ ಅದನ್ನು ಕಚೇರಿಗೇ ಎತ್ತಿಕೊಂಡು ಬಂದರು. ದೊಡ್ಡಪ್ಪ ಮೂಟೆ ಯಂತ್ರದ ಮೇಲೆ ಮೆತ್ತನೆಯ ಟವೆಲು ಹಾಸಿ, ಟವೆಲಿನ ತೂಕ ಕಳೆದು, ಐದು ಸಲ ತೂಗಿದರು. "ಅಲ್ಲಾಡೋದು ನಿಲ್ಲಿಸ್ತಾ ಇಲ್ಲ ಇದು. ಈ ಸಲ ಮುದ್ರೆ ಒತ್ತೋಕಾಗಲ್ಲ, ಮುಂದಿನ ತಿಂಗಳು ಕರ್ಕೊಂಡು ಬನ್ನಿ" ಎಂದು ಗಂಭೀರವಾಗಿ ಹೇಳಿ ಕಳಿಸಿದರು.

ಅವರ ಪ್ರಾಣವೆಲ್ಲ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಮೇಡಂ ಬರುವುದಕ್ಕೆ ಮೂರು ವರ್ಷ ಮುಂಚೆ ಬಟ್ಟುಗಳನ್ನು ನಿಯಮದಂತೆ ಕೇಂದ್ರ ಕಚೇರಿಗೆ ಪರೀಕ್ಷೆಗೆ ಕಳಿಸಿದ್ದಾಗ, ಒಂದು ಕಿಲೋ ಬಟ್ಟು ಬೆನ್ನ ಮೇಲೆ ಕೂದಲೆಳೆಯಷ್ಟು ಗೀರು ಹೊತ್ತು ವಾಪಸು ಬಂದಿತ್ತಂತೆ. ದೊಡ್ಡಪ್ಪ ಎರಡು ದಿನ ಊಟ ಬಿಟ್ಟರು. ಅಂದಿನ ಅಧಿಕಾರಿಗಳು ಮರುಗಿ, ಇನ್ನು ಮುಂದೆ ಪೆಟ್ಟಿಗೆಯನ್ನು ಎಲ್ಲಿಗೂ ಕಳಿಸುವುದು ಬೇಡವೆಂದು ಬಾಯಿಮಾತಿನಲ್ಲಿ ಆಜ್ಞೆ ಮಾಡಿದರು. ಆ ಗೀರನ್ನು ಅಳಿಸಲೆಂದು ಆರಂಭವಾದ ಉಜ್ಜಾಟ ಗೀರು ಹೋದ ಮೇಲೂ ನಿಲ್ಲಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ದೊಡ್ಡಪ್ಪ ಕಿಟಕಿಯ ಬೆಳಕಿಗೆ ಕೂತು, ಹಿತ್ತಾಳೆ ಉಜ್ಜುವ ಪುಡಿಯ ಡಬ್ಬಿ ತೆರೆದು, ಒಂದೊಂದೇ ಬಟ್ಟನ್ನು ಮಗುವಿಗೆ ಸ್ನಾನ ಮಾಡಿಸುವಂತೆ ಉಜ್ಜುತ್ತಿದ್ದರು. ಬಟ್ಟುಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಾಗಿತ್ತು. ಗುಮಾಸ್ತರೊಬ್ಬರು ಬಾಚುತ್ತಲೂ ಇದ್ದರು. ವಾರ್ಷಿಕ ವರದಿಯಲ್ಲಿ "ಮಾದರಿ ಬಟ್ಟುಗಳು ಸುಸ್ಥಿತಿಯಲ್ಲಿವೆಯೇ?" ಎಂಬ ಪ್ರಶ್ನೆಗೆ ಪ್ರತಿ ವರ್ಷವೂ ಒಂದೇ ಉತ್ತರ: "ಹೌದು, ಹೊಳೆಯುತ್ತಿವೆ." ಕೇಂದ್ರ ಕಚೇರಿಯವರು ಒಂದು ವರ್ಷ ಮೆಚ್ಚುಗೆಯ ಪತ್ರವನ್ನೂ ಕಳಿಸಿದ್ದರು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದವರು ಮೇಡಂ ಅವರೇ.

ಹೀಗೆ ಹನ್ನೊಂದು ವರ್ಷ ಸುಖವಾಗಿ ಕಳೆದ ಮೇಲೆ ಆ ನೀಲಿ ರಟ್ಟಿನ ಪುಸ್ತಕ ಬಂತು. ಹೆಸರು ಗುಣಮಟ್ಟದ ಚೌಕಟ್ಟು. ಒಳಗೆ ನಲವತ್ತೆರಡು ಪ್ರಶ್ನೆಗಳು. ಪ್ರತಿ ಕಚೇರಿಯೂ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಂಡು, ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರೊಳಗೆ ಅಂಕ ಹಾಕಿಕೊಂಡು, ಎದುರಿನ ಕಾಲಮ್ಮಿನಲ್ಲಿ ಸಾಕ್ಷ್ಯ ಬರೆದು ಕಳಿಸಬೇಕು. ಇದಕ್ಕೆ ಸ್ವಮೌಲ್ಯಮಾಪನವೆಂದು ಹೆಸರು. ಪುಸ್ತಕದ ಹಿಂದೆಯೇ ಒಂದು ಗಾಳಿಸುದ್ದಿಯೂ ಬಂತು: ಅಂಕ ಕಡಿಮೆ ಬಂದ ಕಚೇರಿಯನ್ನು ಮುಚ್ಚಿ ಪಕ್ಕದೂರಿನ ಕಚೇರಿಗೆ ಸೇರಿಸುತ್ತಾರಂತೆ.

ಆಗಿನ ನಮ್ಮ ಅಧಿಕಾರಿಗಳು ಸಜ್ಜನರು, ಆದರೆ ಧೈರ್ಯದ ವಿಷಯದಲ್ಲಿ ಮಿತವ್ಯಯಿಗಳು. ಪುಸ್ತಕ ಬಂದ ಅರ್ಧ ಗಂಟೆಯಲ್ಲಿ ನಲವತ್ತೆರಡು ಪ್ರಶ್ನೆಗಳಿಗೂ ನಾಲ್ಕು ನಾಲ್ಕು ಹಾಕಿ ಮುಗಿಸಿ ಮೇಡಂ ಅವರನ್ನು ಕರೆದರು.

"ನಮ್ಮನ್ನ ನಾವೇ ಅಳೆಯೋದಾದ್ರೆ ಕಡಿಮೆ ಯಾಕೆ ಅಳೀಬೇಕು, ಹೇಳಿ? ಎಲ್ಲಾದ್ರೂ ಒಂದು ಕಡೆ ಮೂರು ಮಾಡಿ, ನಂಬೋ ಹಾಗಿರಲಿ. ಸಾಕ್ಷ್ಯದ ಕಾಲಮ್ಮು ಖಾಲಿ ಇದೆ, ಅದನ್ನ ತುಂಬಿಸಿಬಿಡಿ."

ಇಲ್ಲೇ ಅವರು ಎಡವಿದ್ದು. ಹನ್ನೊಂದು ವರ್ಷ ಮುಳ್ಳು ನಿಲ್ಲುವವರೆಗೆ ಕಾದು ಅಭ್ಯಾಸವಾದವರ ಕೈಗೆ ಸಾಕ್ಷ್ಯದ ಕಾಲಮ್ಮು ಕೊಡಬಾರದು. ಕಚೇರಿಯ ವೇಳೆಯನ್ನು ಸಾರ್ವಜನಿಕರಿಗೆ ತಿಳಿಸುವ ಫಲಕವಿದೆಯೇ ಎಂಬ ಪ್ರಶ್ನೆಗೆ ಸಾಕ್ಷ್ಯ ಹುಡುಕುತ್ತ ಹೋದ ಮೇಡಂಗೆ ಫಲಕವೇನೋ ಸಿಕ್ಕಿತು, ಆದರೆ ಅದು ಯಾವುದೋ ಕಾಲದಲ್ಲಿ ಗಾಳಿಗೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತಿತ್ತು. ವೇಳೆ ತಿಳಿಯುತ್ತಿದ್ದದ್ದು ಗೋಡೆಗೆ ಮಾತ್ರ. ದೂರುಗಳನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ ಎಂಬುದಕ್ಕೆ ಅಧಿಕಾರಿಗಳು "ದೂರುಗಳೇ ಬಂದಿಲ್ಲ" ಎಂದು ಬರೆದು ನಾಲ್ಕು ಹಾಕಿದ್ದರು. ದೂರಿನ ಪೆಟ್ಟಿಗೆಯ ಬೀಗದ ಕೈ ಹನ್ನೆರಡು ವರ್ಷದ ಹಿಂದೆಯೇ ಕಳೆದಿದೆಯೆಂದು ತನಿಖೆಯಿಂದ ತಿಳಿದುಬಂತು. ದೊಡ್ಡಪ್ಪನೇ ಸುತ್ತಿಗೆ ತಂದು ಬೀಗ ಒಡೆದರು. ಒಳಗೆ ಒಂದು ಜೇಡದ ಸಂಸಾರ ಮತ್ತು ಹನ್ನೊಂದು ಚೀಟಿ.

ಹನ್ನೊಂದೂ ಒಂದೇ ಕೈಬರಹ, ವರ್ಷಕ್ಕೊಂದರಂತೆ. ಎಲ್ಲದರಲ್ಲೂ ಒಂದೇ ಒಕ್ಕಣೆ: "ನನ್ನ ಬಟ್ಟು ಸರಿಯಾಗಿದೆ. ದಯವಿಟ್ಟು ನಿಮ್ಮದನ್ನು ನೋಡಿಕೊಳ್ಳಿ." ಕೆಳಗೆ ಕಾಳಿನ ಅಂಗಡಿಯವರ ಸಹಿ.

ಈ ಅಂಗಡಿಯವರನ್ನು ಕಂಡರೆ ಕಚೇರಿಯಲ್ಲಿ ಎಲ್ಲರೂ ಮುಖ ತಿರುಗಿಸುತ್ತಿದ್ದರು. ಅವರ ಬಳಿ ಅವರ ಅಜ್ಜನ ಕಾಲದ ಕಬ್ಬಿಣದ ಕಿಲೋ ಬಟ್ಟು ಒಂದಿತ್ತು. ಪ್ರತಿ ವರ್ಷ ಅದು ನಮ್ಮ ಮಾದರಿಗಿಂತ ಚೂರು ಭಾರ ಬರುತ್ತಿತ್ತು, ನಾವು ಚೂರು ಸೀಸ ಕೆರೆದು ತೆಗೆಯುತ್ತಿದ್ದೆವು, ಅವರು ಜಗಳ ಮಾಡುತ್ತಿದ್ದರು. ಸರ್ಕಾರದ ಬಟ್ಟಿಗಿಂತ ಅಜ್ಜನ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಬಟ್ಟು ಹಗುರವಾದರೆ ಲಾಭವಾಗುವುದು ಅವರಿಗೇ. ಆದರೂ ತನಗೆ ಲಾಭ ತರುವ ತಪ್ಪಿನ ಮೇಲೆ ಹನ್ನೊಂದು ವರ್ಷ ಬಿಡದೆ ದೂರು ಕೊಟ್ಟ ಆ ಮನುಷ್ಯನನ್ನು ನಾವು ಹಠಮಾರಿ ಎಂದುಕೊಂಡಿದ್ದೆವು.

ಚೀಟಿಗಳನ್ನು ಹಿಡಿದುಕೊಂಡು ಮೇಡಂ ಹತ್ತೊಂಬತ್ತನೆಯ ಪ್ರಶ್ನೆಗೆ ಬಂದರು: "ನಿಮ್ಮ ಮಾದರಿ ಬಟ್ಟುಗಳನ್ನು ಇನ್ನೊಂದು ಮಾದರಿಯೊಡನೆ ಕೊನೆಯ ಬಾರಿ ಹೋಲಿಸಿದ್ದು ಯಾವಾಗ?" ಕಡತ ತೆಗೆದರು. ಹದಿನಾಲ್ಕು ವರ್ಷದಿಂದ ಹೊಳೆಯುತ್ತಿವೆ, ಹೊಳೆಯುತ್ತಿವೆ, ಹೊಳೆಯುತ್ತಿವೆ. ಮೇಡಂ ಕಡತ ಮುಚ್ಚಿ ಎದ್ದರು.

ಉಕ್ಕಿನ ಬೀರುವಿನ ಮೇಲಿನ ಖಾನೆಯಲ್ಲಿ ತುರ್ತು ಸಂದರ್ಭಕ್ಕೆಂದು ಇಟ್ಟ ಎರಡನೆಯ ಪೆಟ್ಟಿಗೆಯೊಂದಿತ್ತು; ಅರಗಿನ ಮುದ್ರೆ ಒಡೆಯದೆ ಹಾಗೇ ಕೂತಿತ್ತು. ಅಧಿಕಾರಿಗಳ ಸಹಿ ಪಡೆದು, ಎಲ್ಲರೆದುರು ಮುದ್ರೆ ಒಡೆದು, ಅದರೊಳಗಿನ ಕಿಲೋ ಬಟ್ಟನ್ನು ಹೊರತೆಗೆದರು. ಮಂಕು ಹಿಡಿದ, ಕಂದು ಬಣ್ಣದ, ಯಾರೂ ಮುಟ್ಟದ ಬಟ್ಟು. ಒಂದು ತಟ್ಟೆಯಲ್ಲಿ ಅದನ್ನೂ ಇನ್ನೊಂದರಲ್ಲಿ ದೊಡ್ಡಪ್ಪನ ಹೊಳೆಯುವ ಕಿಲೋವನ್ನೂ ಇಟ್ಟು ಗಾಜಿನ ಬಾಗಿಲು ಮುಚ್ಚಿದರು. ಹೊಳೆಯುವ ಕಿಲೋ ಮರ್ಯಾದೆಯಿಂದ ಮೇಲೆದ್ದು ನಿಂತಿತು. ಏಳು ಸಲ ತೂಗಿದರು, ಏಳು ಸಲವೂ ಎದ್ದು ನಿಂತಿತು. ಮೂರು ಗ್ರಾಂ ಕಡಿಮೆ.

ದೊಡ್ಡಪ್ಪನಿಗೆ ಸಂತೋಷವೋ ಸಂತೋಷ. "ನೋಡಿದ್ರಾ ಅಮ್ಮ! ಆ ಹಳೇದು ಎಷ್ಟು ಭಾರ ತೋರಿಸ್ತಿದೆ. ಕೊಳೆ ಅದು, ಬರೀ ಕೊಳೆ. ಇತ್ತ ಕೊಡಿ, ಅದನ್ನೂ ಉಜ್ಜಿಬಿಡ್ತೀನಿ."

ಹಳೆಯ ಬಟ್ಟನ್ನು ತಾವೇ ಎತ್ತಿಕೊಂಡು ಡಬ್ಬಿಯ ಮುಚ್ಚಳ ತೆರೆದೇಬಿಟ್ಟಿದ್ದರು. ಮೇಡಂ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರ ಕೈಯಿಂದ ಬಟ್ಟು ಕಿತ್ತುಕೊಂಡರು. ದೊಡ್ಡಪ್ಪ ತಮ್ಮ ಕೈಯಲ್ಲಿದ್ದ ಪುಡಿಯ ಡಬ್ಬಿಯನ್ನೂ, ತಕ್ಕಡಿಯ ಮೇಲಿನ ತಟ್ಟೆಯನ್ನೂ, ಮತ್ತೆ ಡಬ್ಬಿಯನ್ನೂ ನೋಡಿದರು. ಅವರಿಗೆ ಅರ್ಥವಾಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ನೋಡಲಾಗದೆ ಬಟ್ಟಿನಲ್ಲಿ ತಲೆ ಬಾಚುವ ಗುಮಾಸ್ತರು ಕೆಳಗಿಳಿದು ಹೋದರು.

ಹೀಗೆ ಪ್ರೀತಿಯಿಂದ ಸವೆದ ಕಿಲೋವನ್ನು ನಂಬಿ ಇಡೀ ಊರು ಹದಿನಾಲ್ಕು ವರ್ಷ ತೂಗಿತ್ತು. ಊರಿನ ಪ್ರತಿ ಅಂಗಡಿಯ ಬಟ್ಟಿನಿಂದಲೂ ನಾವು ಸೀಸ ಕೆರೆದಿದ್ದೆವು. ಕೆರೆದು ಮುದ್ರೆ ಒತ್ತಿದ್ದೆವು. ದೊಡ್ಡಪ್ಪನ ನಿವೃತ್ತಿಗೆ ಇನ್ನು ಏಳು ತಿಂಗಳು. ಹತ್ತೊಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿದ್ದರೆ ವಿಚಾರಣೆ ಬರುವುದು ಖಂಡಿತ, ಬಂದವರ ಬೆರಳು ಆ ಡಬ್ಬಿಯ ಕಡೆಗೆ ತಿರುಗುವುದು ಖಂಡಿತ. ಇಪ್ಪತ್ತಾರು ವರ್ಷ ಪೆಟ್ಟಿಗೆ ಕಾದವರು ಸರ್ಕಾರದ ಕಿಲೋ ಕೆಡಿಸಿದವರೆಂಬ ಹೆಸರು ಹೊತ್ತು ಮನೆಗೆ ಹೋಗಬೇಕಾಗುತ್ತಿತ್ತು.

ಅಧಿಕಾರಿಗಳು ಬಾಗಿಲು ಹಾಕಿಕೊಂಡು ಮೇಡಂ ಅವರನ್ನು ಕೂರಿಸಿದರು. "ಈ ಹಳೇ ಬಟ್ಟನ್ನ ಸದ್ದಿಲ್ಲದೆ ಬಳಕೆಗೆ ತಗೊಳ್ಳೋಣ. ಹೊಳೆಯೋದನ್ನ ಬೀರುವಿನಲ್ಲಿ ಇಟ್ಟುಬಿಡೋಣ. ಯಾರಿಗೆ ಗೊತ್ತಾಗುತ್ತೆ? ದೊಡ್ಡಪ್ಪನ ಮುಖ ನೋಡಿಯಾದ್ರೂ ನಾಲ್ಕು ಹಾಕಿ."

ಈ ಸಲಹೆಯನ್ನು ಮೇಡಂ ಕೂಡಲೇ ತಳ್ಳಿಹಾಕಿದರೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಮೂರು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಪೆನ್ನು ಎತ್ತುತ್ತಿದ್ದರು, ಇಡುತ್ತಿದ್ದರು. ಒಂದು ಸಲ ಸಣ್ಣದಾಗಿ ಪೆನ್ಸಿಲಿನಲ್ಲಿ ನಾಲ್ಕು ಬರೆದೂ ನೋಡಿದರು; ಅದು ಅವರನ್ನೇ ದಿಟ್ಟಿಸಿ ನೋಡುವಂತೆ ಕಂಡು ರಬ್ಬರಿನಿಂದ ಒರೆಸಿದರು. ಮನೆಯಲ್ಲಿ ಕೇಳಬಹುದಾಗಿದ್ದ ಯಜಮಾನರು ದರ್ಜಿ. ತಮ್ಮ ಅಳತೆ ಪಟ್ಟಿ ಎಳೆದೆಳೆದು ಅರ್ಧ ಇಂಚು ಉದ್ದವಾಗಿರುವುದನ್ನು ಹೆಂಡತಿ ಆ ವಾರವೇ ಪತ್ತೆಹಚ್ಚಿದ್ದರಿಂದ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಬಾಯಿ ಬಿಟ್ಟವರು ಅತ್ತೆ.

"ಏನೇ, ಮೂರು ದಿನದಿಂದ ನೋಡ್ತಿದ್ದೀನಿ, ತಟ್ಟೆ ಮುಂದೆ ಕೂತು ಕೆದಕಿ ಎದ್ದು ಹೋಗ್ತೀಯ. ನನ್ನ ಅಡುಗೆಗೂ ಮಾರ್ಕ್ಸ್ ಹಾಕ್ತಿದ್ದೀಯೋ ಹೇಗೆ?"

ಮೇಡಂ ಎಲ್ಲವನ್ನೂ ಹೇಳಿ ಅತ್ತರು. ಅತ್ತೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತರು.

"ಬರೆಯೋದೇನೋ ಬರಿ. ಆದ್ರೆ ಆ ಮನುಷ್ಯನ ಎದುರಿಗೇ ಕೂತು ಓದಿ ಹೇಳೋಕೆ ಆಗೋ ಹಾಗೆ ಬರಿ. ಓದೋಕೆ ನಾಲಿಗೆ ಹೊರಳಲಿಲ್ಲ ಅಂದ್ರೆ, ಅದರಲ್ಲೇನೋ ತಪ್ಪಿದೆ ಅಂತ ಹರಿದು ಹಾಕು."

ಮರುದಿನ ಮೇಡಂ ಪುಸ್ತಕವನ್ನು ಮೊದಲಿನಿಂದ ಓದಿದರು. ಇಪ್ಪತ್ತಮೂರನೆಯ ಪ್ರಶ್ನೆಯಲ್ಲಿ ಅವರ ಬೆರಳು ನಿಂತಿತು: "ಈ ಕೆಲಸವನ್ನು ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂಬುದನ್ನು ಕೆಲಸ ಮಾಡುವವರಿಗೆ ತಿಳಿಸಿಕೊಟ್ಟಿದ್ದೀರಾ?" ಅಧಿಕಾರಿಗಳು ಅಲ್ಲೂ ನಾಲ್ಕು ಹಾಕಿದ್ದರು. ಮೇಡಂ ಫಲಕದ ಮತ್ತು ದೂರಿನ ಪೆಟ್ಟಿಗೆಯ ಅಂಕಗಳನ್ನು ಒಂದೊಂದಕ್ಕೆ ಇಳಿಸಿ, ಈ ಎರಡು ನಾಲ್ಕುಗಳನ್ನೂ ಹೊಡೆದು ಎರಡು ಸೊನ್ನೆ ಹಾಕಿ, ಸಾಕ್ಷ್ಯ ಬರೆದು, ಸ್ಟೂಲು ಎಳೆದುಕೊಂಡು ದೊಡ್ಡಪ್ಪನ ಎದುರು ಕೂತು ಓದಿದರು.

"ಪ್ರಶ್ನೆ ಹತ್ತೊಂಬತ್ತು, ಅಂಕ ಸೊನ್ನೆ. ಕಿಲೋ ಬಟ್ಟು ಮೂರು ಗ್ರಾಂ ಸವೆದಿದೆ. ಹದಿನಾಲ್ಕು ವರ್ಷ ಯಾರೂ ತೂಗಿ ನೋಡಲಿಲ್ಲ. ಪ್ರಶ್ನೆ ಇಪ್ಪತ್ತಮೂರು, ಅಂಕ ಸೊನ್ನೆ. ಬಟ್ಟುಗಳನ್ನು ಉಜ್ಜಬಾರದೆಂದು ಪೆಟ್ಟಿಗೆಯ ಪಾಲಕರಿಗೆ ಯಾರೂ ಹೇಳಿಲ್ಲ. ಭೌತಶಾಸ್ತ್ರ ಓದಿದ ತಪಾಸಕಿಯೊಬ್ಬಳು ಹನ್ನೊಂದು ವರ್ಷ ಪಕ್ಕದಲ್ಲೇ ಕೂತು ಉಜ್ಜುವುದನ್ನು ನೋಡಿ, ಚೆನ್ನಾಗಿದೆ ಎಂದಿದ್ದಾಳೆ. ಆ ತಪಾಸಕಿ ನಾನು."

ದೊಡ್ಡಪ್ಪ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೇಡಂ ಆ ಎರಡು ದಿನ ತಕ್ಕಡಿ ಕೊಠಡಿಗೆ ಹೋಗಲೇ ಇಲ್ಲ. ಮೂರನೆಯ ದಿನ ದೊಡ್ಡಪ್ಪ ಚೀಲವಿಲ್ಲದೆ ಬಂದು ಮೇಜಿನ ಮುಂದೆ ನಿಂತರು.

"ಉಜ್ಜಬಾರದು ಅಂದ್ರಲ್ಲ ಮಗಳೇ, ಮತ್ತೆ ಹೇಗೆ ನೋಡ್ಕೋಬೇಕು? ಅದನ್ನ ಬರೆದಿದ್ದಾರಾ ನಿಮ್ಮ ಪುಸ್ತಕದಲ್ಲಿ?"

ಬರೆದಿದ್ದರು. ಮೆತ್ತನೆಯ ಕುಂಚದಿಂದ ಧೂಳು ಕೊಡವುವುದು, ಕೈಗವಸು ಹಾಕಿ ಎತ್ತುವುದು, ಮಿಕ್ಕಂತೆ ಸುಮ್ಮನೆ ಬಿಡುವುದು. ಈ ಕೊನೆಯದನ್ನು ಕೇಳಿ ದೊಡ್ಡಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡರು. ಸುಮ್ಮನೆ ಬಿಡುವುದನ್ನೂ ಕೆಲಸವೆಂದು ಕರೆಯುವ ಪುಸ್ತಕವನ್ನು ಅವರು ಕಂಡಿರಲಿಲ್ಲ.

ನಮ್ಮ ಸ್ವಮೌಲ್ಯಮಾಪನ ಕೇಂದ್ರ ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ವಾಪಸು ಬಂತು. ಜೊತೆಗೊಂದು ವಿನಯಪೂರ್ವಕ ಪತ್ರ: ಉಳಿದ ಮೂವತ್ತೊಂದು ಕಚೇರಿಗಳ ಅಂಕಗಳನ್ನು ಗಮನಿಸಿದಾಗ, ತಮ್ಮ ಕಚೇರಿಯ ಎರಡು ಪ್ರಶ್ನೆಗಳಲ್ಲಿ ಕೈತಪ್ಪಿನಿಂದ ಸೊನ್ನೆ ಬಿದ್ದಿರುವಂತೆ ತೋರುತ್ತದೆ, ದಯವಿಟ್ಟು ಸರಿಪಡಿಸಿ ಕಳಿಸುವುದು. ಮೇಡಂ ಕೆಳಗೆ ಒಂದೇ ಸಾಲು ಬರೆದು ಹಿಂದಿರುಗಿಸಿದರು: "ಬಿದ್ದದ್ದಲ್ಲ, ಹಾಕಿದ್ದು." ಅಧಿಕಾರಿಗಳು ಆ ಸಾಲಿನ ಕೆಳಗೆ ಸಹಿ ಹಾಕುವ ಮುಂಚೆ ಮೂರು ಸಲ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದ್ದನ್ನು ನಾವು ಇಂದಿಗೂ ಗೌರವದಿಂದ ನೆನೆಯುತ್ತೇವೆ, ನಾಲ್ಕನೆಯ ಸಲಕ್ಕಾದರೂ ಹಾಕಿದರಲ್ಲ.

ಅನಂತರ ಬಂದ ಪರಿಶೀಲನಾಧಿಕಾರಿಗಳು ಕನ್ನಡಕದ, ಮಾತು ಕಡಿಮೆಯ ಮಹಿಳೆ. ತಮ್ಮ ಕಿಲೋ ಬಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ತೂಗಿದರು, ಮೂರು ಗ್ರಾಂ. "ಯಾರು ಮಾಡಿದ್ದು ಇದು?" ಎಂದರು. ಕಚೇರಿಯ ಎಲ್ಲರಿಗೂ ಒಮ್ಮೆಲೇ ಮೇಲ್ಛಾವಣಿಯಲ್ಲಿ ಆಸಕ್ತಿ ಹುಟ್ಟಿತು. ದೊಡ್ಡಪ್ಪ ಎದ್ದು ನಿಂತರು.

"ನಾನು."

"ಯಾಕೆ?"

"ಹೊಳೀಲಿ ಅಂತ."

ಪರಿಶೀಲನಾಧಿಕಾರಿಗಳು ಪುಸ್ತಕದಲ್ಲಿ ಇಪ್ಪತ್ತಮೂರನೆಯ ಪ್ರಶ್ನೆಯ ಎದುರಿನ ಸಾಕ್ಷ್ಯವನ್ನು ಎರಡು ಸಲ ಓದಿದರು. ಮೇಡಂ ಅವರ ಎದೆ ಬಡಿದುಕೊಳ್ಳುವ ಸದ್ದಿಗೆ ತಕ್ಕಡಿಯ ಮುಳ್ಳು ಅಲುಗಾಡಿತೆಂದು ಗುಮಾಸ್ತರು ಇಂದಿಗೂ ವಾದಿಸುತ್ತಾರೆ. "ಇವರಿಗೆ ಹೇಳದೆ ಇದ್ದ ತಪ್ಪು ನಮ್ಮೆಲ್ಲರದು. ಕೇಂದ್ರ ಕಚೇರಿಯದೂ ಸೇರಿ. ಮೆಚ್ಚುಗೆ ಪತ್ರ ಕಳಿಸಿದ್ದೀವಲ್ಲ" ಎಂದು ಅವರು ಗೋಡೆಯ ಕಡೆ ನೋಡಿದರು. ಹಾಗೆ ನೋಡುತ್ತಿದ್ದಂತೆಯೇ ಏನೋ ಹೊಳೆದು ಚೀಲದಿಂದ ಅಂಕಗಳ ಪಟ್ಟಿ ಹೊರತೆಗೆದರು.

"ಉಳಿದ ಮೂವತ್ತೊಂದು ಕಚೇರಿಯವರೂ ಹತ್ತೊಂಬತ್ತಕ್ಕೆ ನಾಲ್ಕು ಹಾಕಿದ್ದಾರೆ. ಎಲ್ಲರದೂ ಹೊಳೀತಿವೆಯಂತೆ."

ಆ ಮೂವತ್ತೊಂದು ಕಚೇರಿಗಳ ಮುಚ್ಚಿದ ಪೆಟ್ಟಿಗೆಗಳನ್ನೂ ತೆರೆಸಲಾಯಿತು. ಹತ್ತೊಂಬತ್ತು ಕಡೆ ಕಿಲೋ ಸವೆದಿತ್ತು. ಒಂದೂರಿನಲ್ಲಂತೂ ಪಾಲಕರು ವಾರಕ್ಕೆರಡು ಸಲ ಉಜ್ಜುತ್ತಿದ್ದು, ಐದು ಗ್ರಾಂ ಹೋಗಿತ್ತು. ಹೀಗೆ ಮುಚ್ಚಿಹೋಗಬೇಕಾಗಿದ್ದ ನಮ್ಮ ಕಚೇರಿ ಉಳಿದೆಲ್ಲ ಕಚೇರಿಗಳು ನೋಡಿ ಕಲಿಯಬೇಕಾದ ಕಚೇರಿಯಾಯಿತು. ದೊಡ್ಡಪ್ಪನಿಗೆ ವಿಚಾರಣೆ ಬರಲಿಲ್ಲ, ಆದೇಶ ಬಂತು: ಆ ಹತ್ತೊಂಬತ್ತು ಊರುಗಳಿಗೂ ಹೋಗಿ ಪಾಲಕರಿಗೆ ತರಬೇತಿ ಕೊಡತಕ್ಕದ್ದು. ಅವರು ಹೋದಲ್ಲೆಲ್ಲ ಎರಡೇ ಮಾತು ಹೇಳುತ್ತಿದ್ದರಂತೆ. "ನಿಮಗೆ ಎಷ್ಟು ಪ್ರೀತಿ ಇದೆ ಅಂತ ನಂಗೊತ್ತು. ಅದಕ್ಕೇ ಹೇಳ್ತಿದ್ದೀನಿ, ಮುಟ್ಟಬೇಡಿ."

ಇತ್ತ ಮೇಡಂ ಬೀದಿಬೀದಿ ತಿರುಗಿ ಊರಿನ ಪ್ರತಿ ಬಟ್ಟಿಗೂ ಸೀಸ ತುಂಬಿಸಿ ಮತ್ತೆ ಮುದ್ರೆ ಒತ್ತಿಸಿದರು. ಮೊದಲು ಹೋದದ್ದು ಕಾಳಿನ ಅಂಗಡಿಗೆ. ಕೈಮುಗಿದು ತಪ್ಪೊಪ್ಪಿಕೊಂಡರು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಹದಿನಾಲ್ಕು ವರ್ಷ ನಾವು ಕೆರೆದ ಸೀಸದ ಚೂರುಗಳೆಲ್ಲ ಅದರಲ್ಲಿದ್ದವು. ಆ ಚೂರುಗಳನ್ನು ಬಟ್ಟಿನ ಜೊತೆ ಇಟ್ಟು ತೂಗಿದರೆ ಅಜ್ಜನ ಕಿಲೋ ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಗಡಿಯವರಿಗೆ ಗೆದ್ದ ಸಂತೋಷಕ್ಕಿಂತ ಕಸಿವಿಸಿಯೇ ಹೆಚ್ಚಾದಂತಿತ್ತು. "ಎಲ್ಲ ಸರಿ ಅಮ್ಮ, ನೀವು ಹೀಗೆ ಬಂದು ಒಪ್ಕೊಂಡುಬಿಟ್ರೆ ಮುಂದಿನ ವರ್ಷದಿಂದ ನಾನು ಯಾರ ಜೊತೆ ಜಗಳ ಆಡಲಿ?" ಎಂದರು.

ಅಲ್ಲಿಂದೀಚೆಗೆ ಮೇಡಂ ನಡೆಸಿದ ಇಪ್ಪತ್ತನಾಲ್ಕು ಸ್ವಮೌಲ್ಯಮಾಪನಗಳ ಬಗ್ಗೆ, ಅವುಗಳಿಂದ ಕಚೇರಿಗೆ ಆದ ಪ್ರಯೋಜನಗಳ ಬಗ್ಗೆ, ಈಗ ಬೀದಿಯ ಕಡೆಗೆ ಮುಖ ಮಾಡಿರುವ ಫಲಕದ ಬಗ್ಗೆ ಈ ಗ್ರಂಥದ ಬೇರೆ ಲೇಖನಗಳಲ್ಲಿ ಅಂಕಿಅಂಶ ಸಹಿತ ವಿವರಗಳಿವೆ. ಹೊರಗಿನವರು ಬಂದು ತಪ್ಪು ಹುಡುಕಿದರೆ ನಾವು ಅದನ್ನು ಬಚ್ಚಿಡುತ್ತೇವೆ, ನಾವೇ ಹುಡುಕಿದರೆ ತಿದ್ದುತ್ತೇವೆ ಎಂಬುದಷ್ಟೇ ಆ ಎಲ್ಲ ಲೇಖನಗಳ ಸಾರ. ಇಲ್ಲಿ ಹೇಳಬೇಕಾಗಿ ಉಳಿದಿರುವುದು ದೊಡ್ಡಪ್ಪನ ಕೊನೆಯ ದಿನದ ಸಂಗತಿ ಮಾತ್ರ.

ಆ ದಿನಕ್ಕೇ ಎರಡನೆಯ ಸ್ವಮೌಲ್ಯಮಾಪನ ಮುಗಿಯಬೇಕಾಗಿತ್ತು. ಕೇಂದ್ರ ಕಚೇರಿಯಿಂದ ಸರಿಪಡಿಸಿ ಬಂದ ಕಿಲೋ ನಾಲ್ಕು ತಿಂಗಳಲ್ಲಿ ಸಾಕಷ್ಟು ಮಂಕಾಗಿ, ನೋಡಲು ಬಹಳ ಸುಮಾರಾಗಿ, ಪೆಟ್ಟಿಗೆಯಲ್ಲಿ ಕೂತಿತ್ತು. ಹಾರ, ಭಾಷಣ ಎಲ್ಲ ಮುಗಿದ ಮೇಲೆ ಮೇಡಂ ಪುಸ್ತಕ ತಂದು ದೊಡ್ಡಪ್ಪನ ಮುಂದಿಟ್ಟರು. "ಬಟ್ಟುಗಳನ್ನ ನೋಡ್ಕೊಂಡಿದ್ದು ನೀವು. ಹತ್ತೊಂಬತ್ತಕ್ಕೆ ನೀವೇ ಅಂಕ ಹೇಳಬೇಕು. ತೂಗಿದ್ದೀನಿ, ಕಿಲೋ ಕಿಲೋನೇ ಇದೆ."

ದೊಡ್ಡಪ್ಪ ಪೆಟ್ಟಿಗೆ ತೆರೆದರು. ಕುಂಚದಿಂದ ಧೂಳು ಕೊಡವಿದರು. ಆ ಮಂಕು ಬಟ್ಟನ್ನು ಬಹಳ ಹೊತ್ತು ನೋಡಿದರು. ಅವರ ಬಲಗೈ ಹೆಬ್ಬೆರಳು ತಾನಾಗಿಯೇ ತೋರುಬೆರಳಿನ ಮೇಲೆ ಉಜ್ಜುವಂತೆ ಸುತ್ತುತ್ತಿತ್ತು.

"ಮೂರು ಹಾಕಿ" ಎಂದರು.

"ಯಾಕೆ ದೊಡ್ಡಪ್ಪ? ಎಲ್ಲ ಸರಿಯಾಗಿದೆಯಲ್ಲ?"

"ಸರಿಯಾಗೇನೋ ಇದೆ. ಆದ್ರೆ ನಾನು ಇನ್ನೂ ಇಲ್ಲೇ ಇದ್ದೀನಲ್ಲ ಮಗಳೇ. ಆ ಇನ್ನೊಂದನ್ನ ನಾಳೆ ಹಾಕು."

ಮೇಡಂ ಅಂದು ಮೂರು ಹಾಕಿದರು. ಕೇಂದ್ರ ಕಚೇರಿಗೆ ಒಂದು ದಿನದ ಕಾಲಾವಕಾಶ ಕೇಳಿ ತಂತಿ ಕೊಟ್ಟು, ಮರುದಿನ ಬೆಳಗ್ಗೆ ಖಾಲಿ ಕುರ್ಚಿಯ ಪಕ್ಕದಲ್ಲಿ ಕೂತು ಅದನ್ನು ನಾಲ್ಕು ಮಾಡಿದರು. ಸಾಕ್ಷ್ಯದ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ಅವರಿಗೆ ಮಧ್ಯಾಹ್ನದವರೆಗೂ ತೋಚಲಿಲ್ಲವಂತೆ. ಕೊನೆಗೆ, ಪಾಲಕರು ತಾವೇ ಹೇಳಿ ಹೋಗಿದ್ದಾರೆ ಎಂದು ಬರೆದರು. ಅಂಕ ಹೆಚ್ಚಾದುದಕ್ಕೆ ಕಣ್ಣೀರು ಹಾಕಿದ ಅಧಿಕಾರಿ ನಮ್ಮ ಇಲಾಖೆಯಲ್ಲಿ ಅವರೊಬ್ಬರೇ.

ಅಂಥವರು ಈಗ ನಮ್ಮನ್ನು ಬಿಟ್ಟು ಮನೆಗೆ ಹೊರಟಿದ್ದಾರೆ. ಅವರಿಗೆ ಆರೋಗ್ಯ ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಆಯುಷ್ಯ ಮಾತ್ರ ಯಾವ ತಕ್ಕಡಿಗೂ ಸಿಗದಷ್ಟು ದೊಡ್ಡದಾಗಲಿ. ಅವರು ಸುಮ್ಮನೆ ಕೂರುವವರಲ್ಲವೆಂದು ಬಲ್ಲೆವು. ಬೀದಿಯ ಬೇರೆ ಸಂಸ್ಥೆಗಳು, ಬಂಧುಗಳು, ಮುಖ್ಯವಾಗಿ ಅವರ ಯಜಮಾನರು ಈಗಲೇ ಸಿದ್ಧರಾಗಿರುವುದು ಒಳ್ಳೆಯದು. ನಮ್ಮ ಮಟ್ಟಿಗೆ ಹೇಳುವುದಾದರೆ, ಈ ವರ್ಷದ ಪುಸ್ತಕ ಮೇಜಿನ ಮೇಲೆ ತೆರೆದೇ ಇದೆ, ಸಾಕ್ಷ್ಯದ ಕಾಲಮ್ಮು ಖಾಲಿಯಿದೆ, ಪೆನ್ನು ಈಗ ನಮ್ಮ ಕೈಯಲ್ಲಿದೆ, ಮತ್ತು ನಮಗೆ ಸ್ವಲ್ಪ ಭಯವಾಗುತ್ತಿದೆ.